ಬಗ್ಗಿ ನೋಡಬೇಕಾದ ಕತ್ತಿ

ಒಬ್ಬರು ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಪಕ್ಕದ ಹೆಂಗಸು ಅರ್ಧ ಬಗ್ಗಿ, ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ವಾಲಿಸುತ್ತಾರೆ. ಆಚೆ ಒಬ್ಬ ವಿದ್ಯಾರ್ಥಿ ಹೆಜ್ಜೆ ಮುಂದಿಟ್ಟು, ಹಿಂದಿಟ್ಟು, ಮತ್ತೆ ಮುಂದಿಟ್ಟು ಒಂದೇ ಅಲಗನ್ನು ನೋಡುತ್ತಿದ್ದಾನೆ. ಹಜಾರ ತುಂಬಿದ್ದರೂ ಮಾತು ಕಡಿಮೆ. ಬಿಳಿ ಬಟ್ಟೆಯ ಮೇಲೆ ಮಲಗಿದ ಕತ್ತಿಗಳಿಗೆ ಹಿಡಿಯಿಲ್ಲ, ಒರೆಯಿಲ್ಲ, ಚಿನ್ನದ ಕುಸುರಿಯಿಲ್ಲ. ಬರಿಯ ಉಕ್ಕು.

ಜಪಾನಿನ ಯಾವ ಕತ್ತಿ ಮ್ಯೂಸಿಯಮ್ಮಿಗೆ ಹೋದರೂ ಕಾಣುವ ನೋಟ ಇದು. ಈ ಜನ ಹುಡುಕುತ್ತಿರುವುದು ಬೆಳಕಿನ ಒಂದು ಕೋನವನ್ನು. ದೀಪದ ಪ್ರತಿಬಿಂಬ ಅಲಗಿನ ಮೇಲೆ ಸರಿಯಾದ ಜಾಗಕ್ಕೆ ಬಂದು ಕೂತಾಗ, ಅಲ್ಲಿಯವರೆಗೆ ಬರೀ ಹೊಳಪಾಗಿದ್ದ ಲೋಹದಲ್ಲಿ ಒಂದು ಬಿಳಿ ಅಲೆ ಎದ್ದು ಬರುತ್ತದೆ. ಕೆಲವು ಕತ್ತಿಗಳಲ್ಲಿ ಅದು ನೇರ ಗೆರೆ, ಕೆಲವುಗಳಲ್ಲಿ ಉಬ್ಬರದ ತೆರೆ, ಇನ್ನು ಕೆಲವುಗಳಲ್ಲಿ ಹೂ ಗೊಂಚಲು. ನೆಟ್ಟಗೆ ನಿಂತು ನೋಡಿದರೆ ಅದು ಕಾಣುವುದಿಲ್ಲ. ಬಗ್ಗಬೇಕು.

ಸಮುರಾಯ್ ಕತ್ತಿ ಎಂದರೆ ನಮಗೆಲ್ಲ ಸಿನಿಮಾದ ಗುರುತು. ಒಂದೇ ಬೀಸಿಗೆ ಬಿದಿರು ಎರಡಾಗುವುದು, ಗಾಳಿಯಲ್ಲಿ ರೇಷ್ಮೆ ಬಟ್ಟೆ ಸೀಳುವುದು, ಸಾವಿರಾರು ಸಲ ಮಡಿಸಿದ ಉಕ್ಕು ಎಂಬ ಮಾತು. ಮ್ಯೂಸಿಯಮ್ಮಿನಲ್ಲಿ ಇವು ಯಾವುವೂ ಇಲ್ಲ. ಅಲ್ಲಿರುವುದು ಇದಕ್ಕಿಂತ ದೊಡ್ಡದು ಎಂಬುದು ನನ್ನ ನಂಬಿಕೆ: ಮರಳಿನಿಂದ ಉಕ್ಕು ತೆಗೆಯುವವನಿಂದ ಹಿಡಿದು ಒರೆ ಕೆತ್ತುವವನವರೆಗೆ, ಇಂದಿಗೂ ಕೊಂಡಿ ಕಳಚದ ಒಂದು ಕಸುಬಿನ ಸಾಲು.

ಸುಮೊ ಅಖಾಡದ ನೆರೆಯಲ್ಲಿ

ಟೋಕಿಯೊದ ಕತ್ತಿ ಮ್ಯೂಸಿಯಮ್ ಇರುವುದು ಸುಮಿದಾ ನದಿಯ ಪಕ್ಕದ ರ‍್ಯೋಗೊಕು ಬಡಾವಣೆಯಲ್ಲಿ. ರೈಲು ನಿಲ್ದಾಣದಿಂದ ಹೊರಬಿದ್ದರೆ ಮೊದಲು ಸಿಗುವುದು ಸುಮೊ ಕುಸ್ತಿಯ ಕೊಕುಗಿಕನ್. ಅದನ್ನು ದಾಟಿ ಕೆಲವೇ ನಿಮಿಷ ನಡೆದರೆ ಹಳೆಯ ಯಸುದಾ ಉದ್ಯಾನ. ಎದೊ ಕಾಲದಲ್ಲಿ ಪಾಳೆಯಗಾರ ಮನೆತನವೊಂದಕ್ಕೆ ಸೇರಿದ್ದ ಈ ತೋಟ ಮುಂದೆ ಯಸುದಾ ಜೆಂಜಿರೊ ಎಂಬ ಬ್ಯಾಂಕ್ ಉದ್ಯಮಿಯ ಕೈಗೆ ಬಂತು, ಆಮೇಲೆ ನಗರಕ್ಕೆ ದಾನವಾಯಿತು. ತೋಟದ ಅಂಚಿನಲ್ಲೇ ಮ್ಯೂಸಿಯಮ್ಮಿನ ಬಾಗಿದ ಗೋಡೆಯ ಕಟ್ಟಡ. ವಿನ್ಯಾಸ ಮಾಡಿದವರು ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ವಾಸ್ತುಶಿಲ್ಪಿ ಫುಮಿಹಿಕೊ ಮಾಕಿ.

ಮ್ಯೂಸಿಯಮ್ಮನ್ನು ನಡೆಸುವುದು ಜಪಾನಿ ಕಲಾ ಕತ್ತಿಗಳ ಸಂರಕ್ಷಣಾ ಸಂಘ. ಸಂಘ ಹುಟ್ಟಿದ್ದು 1948ರಲ್ಲಿ. 1968ರಲ್ಲಿ ಅದು ಟೋಕಿಯೊದ ಯೊಯೊಗಿಯಲ್ಲಿ ಮ್ಯೂಸಿಯಮ್ ತೆರೆಯಿತು. ಅಲ್ಲಿಂದ ರ‍್ಯೋಗೊಕುವಿನ ಈಗಿನ ಕಟ್ಟಡಕ್ಕೆ ಬಂದದ್ದು 2018ರ ಜನವರಿಯಲ್ಲಿ. ರಾಷ್ಟ್ರೀಯ ನಿಧಿ ಎಂದು ಸರ್ಕಾರ ಘೋಷಿಸಿದ ಕತ್ತಿಗಳೂ ಅದರ ಸಂಗ್ರಹದಲ್ಲಿವೆ. ಎಲ್ಲವನ್ನೂ ಒಟ್ಟಿಗೆ ಇಡುವುದಿಲ್ಲ. ಪ್ರದರ್ಶನ ವರ್ಷದುದ್ದಕ್ಕೂ ಬದಲಾಗುತ್ತಿರುತ್ತದೆ. ಒಂದು ನಿರ್ದಿಷ್ಟ ಕತ್ತಿಯ ಆಸೆಯಿಂದ ಹೋಗುವವರು ಅದು ಆಗ ಹೊರಗಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ರಾಷ್ಟ್ರೀಯ ನಿಧಿ ಎಂಬ ಪಟ್ಟ ಅಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಹಳೆಯ ದೇಗುಲಗಳು, ಬುದ್ಧ ವಿಗ್ರಹಗಳು, ಚಿತ್ರಸುರುಳಿಗಳ ಜತೆಗೆ ನೂರಕ್ಕೂ ಹೆಚ್ಚು ಕತ್ತಿಗಳಿಗೆ ಆ ಗೌರವ ಸಂದಿದೆ. ಆಯುಧವನ್ನು ದೇಗುಲದ ಸಾಲಿನಲ್ಲಿ ನಿಲ್ಲಿಸಿದ ದೇಶಗಳು ಹೆಚ್ಚಿಲ್ಲ.

ಕಣ್ಣು ಎಲ್ಲಿಂದ ಶುರುಮಾಡಬೇಕು

ಮೊದಲ ಸಲ ಹೋದವರಿಗೆ ಎಲ್ಲ ಕತ್ತಿಗಳೂ ಒಂದೇ ಥರ ಕಾಣುತ್ತವೆ. ಅದರಲ್ಲಿ ತಪ್ಪೇನಿಲ್ಲ. ಒಂದು ಕ್ರಮ ಹಿಡಿದು ನೋಡಿದರೆ ಅರ್ಧ ಗಂಟೆಯಲ್ಲೇ ಕಣ್ಣು ಪಳಗತೊಡಗುತ್ತದೆ.

ಮೊದಲು ಆಕಾರ. ಬಾಯಿ ಕೆಳಗೆ ಮಾಡಿ ಇಟ್ಟಿದ್ದರೆ ಅದು ಸಾಮಾನ್ಯವಾಗಿ ತಚಿ; ಕುದುರೆ ಸವಾರರು ಸೊಂಟದಿಂದ ತೂಗುಬಿಟ್ಟುಕೊಳ್ಳುತ್ತಿದ್ದ ಹಳೆಯ ಬಗೆ, ಬಾಗು ಹೆಚ್ಚು. ಬಾಯಿ ಮೇಲೆ ಮಾಡಿ ಇಟ್ಟದ್ದು ಕತಾನ. ಕಾಲಾಳುಗಳ ಯುದ್ಧ ಬಲಿತ ಮೇಲೆ ಬಂದದ್ದು, ಸೊಂಟದ ಪಟ್ಟಿಯೊಳಗೆ ಸಿಗಿಸಿಕೊಳ್ಳುವಂಥದ್ದು. ಬಾಯಿ ಮೇಲಿದ್ದರೆ ಒರೆಯಿಂದ ಎಳೆದ ಕೈಯೇ ಹೊಡೆತವಾಗುತ್ತದೆ. ಅಲಗು ಸುಮಾರು 60 ಸೆಂಟಿಮೀಟರಿಗಿಂತ ಉದ್ದವಿದ್ದರೆ ಕತಾನ, 30ರಿಂದ 60ರ ನಡುವೆ ಇದ್ದರೆ ವಕಿಜಾಶಿ, ಅದಕ್ಕಿಂತ ಗಿಡ್ಡವಾದದ್ದು ತಾಂತೊ ಎಂಬ ಬಾಕು. ಎದೊ ಕಾಲದ ಸಮುರಾಯ್ ಸೊಂಟದಲ್ಲಿ ಜೋಡಿಯಾಗಿ ಇರುತ್ತಿದ್ದವು ಮೊದಲ ಎರಡು.

ಆಮೇಲೆ ಉಕ್ಕಿನ ಮೈ. ಬೆನ್ನಿಗೂ ಬಾಯಿಗೂ ನಡುವಿನ ಬೂದು ಭಾಗವನ್ನು ಹತ್ತಿರದಿಂದ ನೋಡಿದರೆ ಮರದ ಹಲಗೆಯಲ್ಲಿ ಇರುವಂಥ ನೆರಿಗೆಗಳು ಕಾಣುತ್ತವೆ. ಉಕ್ಕನ್ನು ಮಡಿಸಿ ಮಡಿಸಿ ಬಡಿದ ಗುರುತು ಅವು. ಕೆಲವು ಊರಿನ ಕಮ್ಮಾರರ ಕೈಯಲ್ಲಿ ಅವು ನೇರವಾಗಿ ಹರಿಯುತ್ತವೆ, ಕೆಲವರಲ್ಲಿ ಗಂಟು ಗಂಟಾಗಿ ಸುತ್ತುತ್ತವೆ.

ಮೂರನೆಯದು ಆ ಬಿಳಿ ಅಲೆ. ಜಪಾನೀಯರು ಅದನ್ನು ಹಮೊನ್ ಎನ್ನುತ್ತಾರೆ. ಮೇಲೆ ಬಳಿದ ಬಣ್ಣವೋ ಕೊರೆದ ಚಿತ್ತಾರವೋ ಎಂದುಕೊಳ್ಳುವವರೇ ಹೆಚ್ಚು. ಗಡಸು ಉಕ್ಕು ಎಲ್ಲಿ ಮುಗಿದು ಮೆತ್ತನೆಯ ಉಕ್ಕು ಎಲ್ಲಿ ಶುರುವಾಗುತ್ತದೋ ಅದರ ಗಡಿಗೆರೆ ಅದು. ದೀಪದ ಬಿಂಬವನ್ನು ಆ ಗೆರೆಯ ಮೇಲೆ ತಂದುಕೊಂಡು ನೋಡಿದರೆ ಗಡಿಯಲ್ಲಿ ಮಂಜಿನ ಹಬೆಯಂಥ ಪಟ್ಟಿ ಕಾಣುತ್ತದೆ. ಕೆಲವು ಕತ್ತಿಗಳಲ್ಲಿ ಆ ಮಂಜಿನೊಳಗೆ ಒಂದೊಂದೇ ಎಣಿಸಬಹುದಾದ ಮಿನುಗು ಹರಳುಗಳೂ ಇರುತ್ತವೆ. ಸಗಾಮಿ ಸೀಮೆಯಲ್ಲಿ, ಹದಿಮೂರನೆಯ ಶತಮಾನದ ಕೊನೆ ಮತ್ತು ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ ಕೆಲಸ ಮಾಡಿದ ಮಸಮುನೆಯ ಹೆಸರು ಇಂದಿಗೂ ಉಳಿದಿರುವುದು ಈ ಹರಳುಗಳ ಚೆಲುವಿನಿಂದ.

ಕಡೆಗೆ ಕಣ್ಣು ಹೋಗಬೇಕಾದದ್ದು ಅಲಗಿನ ಬುಡಕ್ಕೆ. ಹಿಡಿಯೊಳಗೆ ಅಡಗಿರುವ ಆ ಭಾಗವನ್ನು ಯಾರೂ ಎಂದೂ ಉಜ್ಜುವುದಿಲ್ಲ. ಶತಮಾನಗಳ ತುಕ್ಕು ಕಪ್ಪು ಪದರವಾಗಿ ಅಲ್ಲಿ ಕೂತಿರುತ್ತದೆ, ಆ ಪದರದ ಬಣ್ಣವೇ ಕತ್ತಿಯ ವಯಸ್ಸಿಗೆ ಸಾಕ್ಷಿ. ಕಮ್ಮಾರ ತನ್ನ ಹೆಸರು, ಊರು, ಕೆಲವೊಮ್ಮೆ ವರ್ಷ, ತಿಂಗಳನ್ನೂ ಉಳಿಯಿಂದ ಕೆತ್ತುವುದು ಅಲ್ಲೇ. ತೂತುಬಿದ್ದ ಕಪ್ಪು ಕಬ್ಬಿಣದ ಮೇಲೆ, ಏಳುನೂರು ವರ್ಷದ ಹಿಂದಿನ ಮನುಷ್ಯನ ಕೈಬರಹ. ಹಜಾರದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವ ಜಾಗ ಅದು. ಉಳಿಯ ಏಟು ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು ಎಂಬುದೂ ತಿಳಿಯುತ್ತದೆ.

ಹೆಸರೇ ಇಲ್ಲದ ಕತ್ತಿಗಳೂ ಬಹಳ. ಉದ್ದನೆಯ ತಚಿಗಳನ್ನು ನಂತರದ ಯೋಧರು ತಮ್ಮ ಅನುಕೂಲಕ್ಕೆ ಬುಡದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿಕೊಂಡರು, ಸಹಿ ಆ ತುಂಡಿನ ಜತೆ ಹೋಯಿತು. ಅಂಥವುಗಳ ಕುಲಗೋತ್ರ ಹೇಳುವುದು ಪರಿಣತರ ಕೆಲಸ. ಬುಡವನ್ನು ಮುಚ್ಚಿಟ್ಟು, ಆಕಾರ, ನೆರಿಗೆ, ಅಲೆಗಳನ್ನು ಮಾತ್ರ ನೋಡಿ ಕಮ್ಮಾರನ ಹೆಸರು ಹೇಳುವ ಸ್ಪರ್ಧೆಯಂಥ ಕೂಟಗಳು ಇಂದಿಗೂ ಅಲ್ಲಿ ನಡೆಯುತ್ತವೆ.

ಕಪ್ಪು ಮರಳು, ಮೂರು ಹಗಲು, ಮೂರು ಇರುಳು

ಈ ಉಕ್ಕು ಹುಟ್ಟುವುದು ಟೋಕಿಯೊದಿಂದ ಬಹು ದೂರ, ಪಶ್ಚಿಮದ ಶಿಮಾನೆ ಪ್ರಾಂತದ ಒಕುಇಜುಮೊ ಎಂಬ ಬೆಟ್ಟದ ಸೀಮೆಯಲ್ಲಿ. ಅಲ್ಲಿನ ಗುಡ್ಡಗಳ ಮಣ್ಣಿನಲ್ಲಿ ಕಬ್ಬಿಣದ ಕಪ್ಪು ಮರಳು ಬೆರೆತಿದೆ. ಹಿಂದೆ ಗುಡ್ಡವನ್ನೇ ಕಡಿದು ಕಾಲುವೆಗೆ ಹಾಕಿ, ಹಗುರ ಮಣ್ಣನ್ನು ನೀರಿಗೆ ಬಿಟ್ಟು, ಭಾರದ ಮರಳನ್ನು ಉಳಿಸಿಕೊಳ್ಳುತ್ತಿದ್ದರು. ಹಾಗೆ ಕಡಿದ ಗುಡ್ಡಗಳ ಮೇಲೆ ಆಮೇಲೆ ಗದ್ದೆಗಳಾದವು. ಇಂದು ಆ ಸೀಮೆ ಹೆಸರಾಗಿರುವುದು ಅಕ್ಕಿಗೆ.

ಮರಳನ್ನು ಉಕ್ಕು ಮಾಡುವ ಮಣ್ಣಿನ ಕುಲುಮೆಯ ಹೆಸರು ತತಾರ. ತೊಟ್ಟಿಯಂಥ ಉದ್ದನೆಯ ಆಕಾರ, ಇಕ್ಕೆಲದಲ್ಲೂ ಗಾಳಿಯ ತೂಬುಗಳು. ಒಂದು ಸಲ ಬೆಂಕಿ ಹಚ್ಚಿದರೆ ಮೂರು ಹಗಲು ಮೂರು ಇರುಳು ಆರಿಸುವಂತಿಲ್ಲ. ಅರ್ಧ ಗಂಟೆಗೊಮ್ಮೆ ಎಂಬಂತೆ ಒಂದು ಪದರ ಮರಳು, ಒಂದು ಪದರ ಇದ್ದಿಲು. ಒಟ್ಟು ಸುಮಾರು 10 ಟನ್ ಮರಳಿಗೆ ಸುಮಾರು 12 ಟನ್ ಇದ್ದಿಲು ಬೇಕು. ಕುಲುಮೆಯ ಗೋಡೆಯೇ ಕರಗಿ ಕಿಟ್ಟದ ಜತೆ ಹರಿದುಹೋಗುತ್ತ ತೆಳ್ಳಗಾಗುತ್ತದೆ. ನಾಲ್ಕನೆಯ ದಿನ ಬೆಳಗ್ಗೆ ಕುಲುಮೆಯನ್ನು ಒಡೆದು ಕೆಡವಿ, ಒಳಗಿನಿಂದ ಸುಮಾರು ಎರಡೂವರೆ ಟನ್ ತೂಕದ ಕೆಂಡದುಂಡೆಯನ್ನು ಹೊರಗೆಳೆಯುತ್ತಾರೆ. ಅದರಲ್ಲಿ ಕತ್ತಿಗೆ ಯೋಗ್ಯವಾದ ತಮಹಗನೆ ಎಂಬ ಉತ್ತಮ ಉಕ್ಕು ಒಂದು ಟನ್ನಿಗೂ ಕಡಿಮೆ.

ಇಡೀ ಕೆಲಸದ ಯಜಮಾನ ಮುರಗೆ. ಒಳಗಿನ ಉರಿ ಹೇಗಿದೆ ಎಂಬುದನ್ನು ಅವನು ತಿಳಿಯುವುದು ಜ್ವಾಲೆಯ ಬಣ್ಣದಿಂದ, ತೂಬಿನ ಕಿಂಡಿಯಲ್ಲಿ ಇಣುಕಿ, ಕುಲುಮೆಯ ಸದ್ದು ಕೇಳಿ. ಮೂರು ದಿನ ಅವನಿಗೆ ಸರಿಯಾದ ನಿದ್ದೆಯಿಲ್ಲ. ಕನಯಾಗೊ ಎಂಬ ಕುಲುಮೆಯ ದೇವಿಗೆ ಕೈಮುಗಿಯದೆ ಕೆಲಸ ಆರಂಭವಾಗುವುದಿಲ್ಲ.

ಇದನ್ನು ಓದುವಾಗ ಕನ್ನಡಿಗರಿಗೆ ಒಂದು ನೆನಪು ಬರಬೇಕು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ. ಮಳೆಯ ಹಳ್ಳಗಳು ತಂದುಹಾಕುವ ಕಪ್ಪು ಮರಳಿನಿಂದ ಇಲ್ಲಿನ ಜನ ಕಬ್ಬಿಣ ತೆಗೆಯುತ್ತಿದ್ದುದನ್ನು ಅವನು ಕಂಡು ಬರೆದಿಟ್ಟ. ಆ ಕಬ್ಬಿಣದ ತುಂಡುಗಳನ್ನು ಪುಟ್ಟ ಮಣ್ಣಿನ ಮೂಸೆಗಳಲ್ಲಿ ಆವರಿಕೆ ಕಡ್ಡಿ ಮತ್ತು ಹಸಿ ಎಲೆಗಳ ಜತೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಕುಲುಮೆಗಿಟ್ಟು ಉಕ್ಕು ಮಾಡುತ್ತಿದ್ದ ಬಗೆಯೂ ಅವನ ಪ್ರವಾಸ ಕಥನದಲ್ಲಿದೆ. ದಕ್ಷಿಣ ಭಾರತದ ಇಂಥ ಮೂಸೆ ಉಕ್ಕು ಪಶ್ಚಿಮ ಏಷ್ಯಾದವರೆಗೆ ಹೋಗಿ ಹೆಸರಾಂತ ಕತ್ತಿಗಳಾಗಿತ್ತು.

ಎರಡು ದಾರಿ ಬೇರೆ. ನಮ್ಮವರು ಮೂಸೆಯೊಳಗೆ ಉಕ್ಕನ್ನು ಪೂರ್ತಿ ಕರಗಿಸಿದರು, ಕತ್ತಿಯ ಮೇಲಿನ ಚಿತ್ತಾರ ಆ ಕರಗಿದ ಉಕ್ಕು ನಿಧಾನಕ್ಕೆ ಆರುವಾಗಲೇ ಅದರೊಳಗೆ ಹುಟ್ಟುತ್ತಿತ್ತು. ಜಪಾನೀಯರ ಉಕ್ಕು ಗಟ್ಟಿ ಮುದ್ದೆಯಾಗಿಯೇ ಬಂತು, ಚಿತ್ತಾರ ಸುತ್ತಿಗೆಯಿಂದ ಬಂತು. ಮೈಸೂರಿನ ಮೂಸೆ ಕುಲುಮೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೊಂದಾಗಿ ಆರಿದವು. ತತಾರವೂ ಆರಿತ್ತು. 1933ರಲ್ಲಿ ಸೈನ್ಯದ ಕತ್ತಿಗಳಿಗಾಗಿ ಅದೇ ಒಕುಇಜುಮೊದಲ್ಲಿ ಒಂದನ್ನು ಹಚ್ಚಿದರು, ಯುದ್ಧ ಮುಗಿದಾಗ ಅದೂ ನಿಂತಿತು. ಕಮ್ಮಾರರ ಬಳಿ ಇದ್ದ ಹಳೆಯ ಉಕ್ಕು ಖಾಲಿಯಾಗುತ್ತ ಬಂದಾಗ, ಮ್ಯೂಸಿಯಮ್ ನಡೆಸುವ ಸಂಘವೇ 1977ರಲ್ಲಿ ತತಾರವನ್ನು ಮತ್ತೆ ಕಟ್ಟಿಸಿತು. ಅಬೆ ಯೊಶಿಜೊರಂಥ ಹಳೆಯ ಕೆಲಸ ಬಲ್ಲ ಮುರಗೆಗಳು ಆಗ ಇನ್ನೂ ಬದುಕಿದ್ದರು. ಅವರ ಕೈಕೆಳಗೆ ಕಲಿತ ಕಿಹರಾ ಅಕಿರಾರಂಥವರ ಮೂಲಕ ವಿದ್ಯೆ ಮುಂದಕ್ಕೆ ಬಂತು. ಈಗ ಪ್ರತಿ ಚಳಿಗಾಲ ಅಲ್ಲಿ ಬೆಂಕಿ ಹಚ್ಚುತ್ತಾರೆ, ಬಂದ ಉಕ್ಕನ್ನು ದೇಶದ ಕತ್ತಿ ಕಮ್ಮಾರರಿಗೆ ಹಂಚುತ್ತಾರೆ. ಮ್ಯೂಸಿಯಮ್ ಒಂದು ಉಕ್ಕಿನ ಕುಲುಮೆಯನ್ನೂ ನಡೆಸುವುದು ಎಂದರೆ ಇದು. ನಮ್ಮ ಮೂಸೆಗಳಿಗೆ ಇಂಥ ಆಸರೆ ಸಿಗಲಿಲ್ಲವಲ್ಲ ಎಂಬ ನೋವು ನನಗಿದೆ.

ಮಡಿಕೆ ಯಾಕೆ, ಬಾಗು ಹೇಗೆ

ತತಾರದ ಉಕ್ಕು ಒಂದೇ ಹದದ್ದಲ್ಲ. ಒಂದು ತುಂಡಿನಲ್ಲಿ ಇಂಗಾಲ ಹೆಚ್ಚು, ಇನ್ನೊಂದರಲ್ಲಿ ಕಡಿಮೆ, ನಡುವೆ ಕಿಟ್ಟ. ಕಮ್ಮಾರ ಅದನ್ನು ಕಾಯಿಸಿ ತೆಳ್ಳಗೆ ಬಡಿದು, ನೀರಿಗೆ ಹಾಕಿ, ಒಡೆಯುತ್ತಾನೆ. ಸಲೀಸಾಗಿ ಮುರಿದ ಚೂರು ಗಡಸು, ಮುರಿಯದೆ ಬಾಗಿದ್ದು ಮೆತು. ಹೀಗೆ ಆರಿಸಿದ ಚೂರುಗಳನ್ನು ಒಂದರ ಮೇಲೊಂದು ಪೇರಿಸಿ, ಒದ್ದೆ ಕಾಗದ ಸುತ್ತಿ, ಹುಲ್ಲಿನ ಬೂದಿ ಬಳಿದು, ಮಣ್ಣಿನ ನೀರು ಸುರಿದು ಕುಲುಮೆಗಿಡುತ್ತಾನೆ. ಬೂದಿ ಮಣ್ಣುಗಳ ಕವಚ ಇಲ್ಲದಿದ್ದರೆ ಉಕ್ಕಿನ ಮೇಲ್ಮೈ ಉರಿದುಹೋಗುತ್ತದೆ.

ಆಮೇಲೆ ಬಡಿಯುವುದು, ಉಳಿಯಿಂದ ಅರೆಕಡಿದು ಮಡಿಸುವುದು, ಮತ್ತೆ ಬಡಿಯುವುದು. ಗುರುವಿನ ಪುಟ್ಟ ಸುತ್ತಿಗೆ ಜಾಗ ತೋರಿಸುತ್ತದೆ, ಶಿಷ್ಯರ ಸಮ್ಮಟಿಗೆಗಳು ಅಲ್ಲಿಗೆ ಬೀಳುತ್ತವೆ. ಸಾವಿರಾರು ಸಲ ಮಡಿಸುತ್ತಾರೆ ಎಂಬ ಮಾತು ಬರೀ ಕಥೆ. ಮಡಿಕೆ ಹತ್ತರಿಂದ ಹದಿನೈದು. ಆದರೆ ಪ್ರತಿ ಮಡಿಕೆಗೂ ಪದರ ಇಮ್ಮಡಿಯಾಗುವುದರಿಂದ ಹದಿನೈದನೆಯ ಮಡಿಕೆಗೆ ಪದರಗಳು 32,768 ಆಗುತ್ತವೆ. ಇದರಲ್ಲಿ ಮಂತ್ರವೇನಿಲ್ಲ: ಕಿಟ್ಟ ಕಿಡಿಯಾಗಿ ಹಾರಿಹೋಗುತ್ತದೆ, ಇಂಗಾಲ ಎಲ್ಲ ಕಡೆ ಸಮವಾಗಿ ಹರಡುತ್ತದೆ. ಒಳಗೆ ಮೆತು ಉಕ್ಕಿನ ತಿರುಳಿಟ್ಟು ಹೊರಗೆ ಗಡಸು ಉಕ್ಕು ಹೊದಿಸುವ ಪದ್ಧತಿಯೂ ಇದೆ. ಮುರಿಯಬಾರದು, ಬಾಯಿಯೂ ಸವೆಯಬಾರದು ಎಂಬ ಎರಡು ಬೇಡಿಕೆಗೆ ಅದು ಕಮ್ಮಾರನ ಉತ್ತರ.

ಎಲ್ಲಕ್ಕಿಂತ ಕಷ್ಟದ ಗಳಿಗೆ ಕಡೆಯದು. ಅಲಗಿನ ಮೇಲೆ ಜೇಡಿಮಣ್ಣು, ಇದ್ದಿಲಪುಡಿ, ಕಲ್ಲಪುಡಿ ಕಲಸಿದ ಲೇಪ ಹಚ್ಚುತ್ತಾರೆ. ಬೆನ್ನಿನ ಕಡೆ ದಪ್ಪ, ಬಾಯಿಯ ಕಡೆ ತೆಳು. ದಪ್ಪಕ್ಕೂ ತೆಳುವಿಗೂ ನಡುವಿನ ಅಂಚನ್ನು ಕಮ್ಮಾರ ಹೇಗೆ ತಿದ್ದುತ್ತಾನೋ ಹಮೊನ್ ಹಾಗೆ ಬರುತ್ತದೆ. ಕಿಟಕಿ ಮುಚ್ಚಿ ದೀಪ ಆರಿಸಿ, ಕತ್ತಲಲ್ಲಿ ಅಲಗಿನ ಕೆಂಪನ್ನು ನೋಡಿಯೇ ಕಾವು ಅಳೆಯಬೇಕು. ಸುಮಾರು 800 ಡಿಗ್ರಿ ಎಂದು ಪುಸ್ತಕ ಹೇಳುತ್ತದೆ, ಕುಲುಮೆಯ ಮುಂದೆ ನಿಂತವನಿಗೆ ಬಣ್ಣವೇ ಲೆಕ್ಕ. ಆ ಕ್ಷಣ ಬಂದೊಡನೆ ಅಲಗು ನೀರಿನ ತೊಟ್ಟಿಗೆ.

ನೀರಿನೊಳಗೆ ಏನಾಗುತ್ತದೆ ಎಂಬುದು ಇಡೀ ವಿದ್ಯೆಯ ಗುಟ್ಟು. ತೆಳು ಲೇಪದ ಬಾಯಿ ತಟ್ಟನೆ ಆರುತ್ತದೆ, ಉಕ್ಕಿನ ಒಳರಚನೆ ಬದಲಾಗಿ ಗಾಜಿನಷ್ಟು ಗಡಸಾಗುತ್ತದೆ. ದಪ್ಪ ಲೇಪದ ಬೆನ್ನು ನಿಧಾನವಾಗಿ ಆರಿ ಮೆತುವಾಗಿಯೇ ಉಳಿಯುತ್ತದೆ. ಗಡಸಾದ ಉಕ್ಕು ಮೊದಲಿಗಿಂತ ತುಸು ಹಿಗ್ಗುತ್ತದೆ. ಬಾಯಿ ಹಿಗ್ಗಿತು, ಬೆನ್ನು ಹಿಗ್ಗಲಿಲ್ಲ; ಹೀಗಾಗಿ ಕತ್ತಿ ಬೆನ್ನಿನ ಕಡೆಗೆ ಬಾಗುತ್ತದೆ. ಮ್ಯೂಸಿಯಮ್ಮಿನಲ್ಲಿ ಕಾಣುವ ಆ ಕಮಾನಿನ ಒಂದು ಪಾಲು ಸುತ್ತಿಗೆಯಿಂದ ಬಂದದ್ದು, ಇನ್ನೊಂದು ಪಾಲು ನೀರಿನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಬಂದದ್ದು. ಇದೇ ಎಳೆತದಲ್ಲಿ ಬಾಯಿ ಟಕ್ಕೆಂದು ಬಿರುಕು ಬಿಡುವುದೂ ಉಂಟು. ಹಾಗಾದರೆ ತಿಂಗಳ ದುಡಿಮೆ ಅಲ್ಲಿಗೆ ಮುಗಿಯಿತು.

ಸಾಣೆಯವರ ಬೆರಳು, ಅನ್ನದ ಅಂಟು

ಕಮ್ಮಾರನ ಕೈಯಿಂದ ಬಂದ ಅಲಗಿನಲ್ಲಿ ಹಮೊನ್ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತೋರಿಸುವವರು ಸಾಣೆಯವರು. ಒರಟು ಕಲ್ಲಿನಿಂದ ಶುರುಮಾಡಿ ಒಂದಕ್ಕಿಂತ ಒಂದು ನಯವಾದ ಕಲ್ಲುಗಳ ಮೇಲೆ ವಾರಗಟ್ಟಲೆ ತಿಕ್ಕುತ್ತಾರೆ. ಕೊನೆಯ ಹಂತದಲ್ಲಿ ಕಲ್ಲು ಉಗುರಿನಷ್ಟು ತೆಳ್ಳಗಿನ ಬಿಲ್ಲೆಯಾಗುತ್ತದೆ. ಅದನ್ನು ಹೆಬ್ಬೆರಳ ಕೆಳಗಿಟ್ಟು, ಅಲಗಿನ ಒಂದೊಂದೇ ಅಂಗುಲವನ್ನು ಬೆರಳಿನಿಂದಲೇ ಒತ್ತಿ ಉಜ್ಜುತ್ತಾರೆ. ಕ್ಯೋಟೊದ ಹೊನಾಮಿ ಮನೆತನ ತಲೆತಲಾಂತರದಿಂದ ಸಾಣೆ ಮತ್ತು ಕತ್ತಿ ಪರೀಕ್ಷೆಯ ಕಸುಬಿನದು. ಜಪಾನಿನ ಬಹು ದೊಡ್ಡ ಕಲಾವಿದರಲ್ಲಿ ಒಬ್ಬನಾದ, ಅಕ್ಷರ, ಅರಗು, ಮಣ್ಣು ಯಾವುದರಲ್ಲೂ ಕೈಯಾಡಿಸಿದ ಹೊನಾಮಿ ಕೊಎತ್ಸು (1558–1637) ಆ ಮನೆಯವನೇ.

ಬೆಲೆಬಾಳುವ ಹಳೆಯ ಕತ್ತಿಗಳು ಚಿನ್ನ ಕೂರಿಸಿದ ಒರೆಯಲ್ಲಿ ಇರುತ್ತವೆ ಎಂದು ನಾವು ಊಹಿಸುತ್ತೇವೆ. ಅಲಂಕಾರದ ಒರೆ, ಹಿಡಿ, ತಡೆಬಿಲ್ಲೆಗಳನ್ನು ಬೇರೆಯಾಗಿ ಕಾಪಾಡುತ್ತಾರೆ. ಅಲಗು ಮಲಗುವುದು ಹೊ ಎಂಬ ಮರದ, ಬಣ್ಣವೇ ಇಲ್ಲದ ಸಾದಾ ಒರೆಯಲ್ಲಿ. ಎರಡು ಹೋಳುಗಳನ್ನು ಕೊರೆದು ಜೋಡಿಸಿದ ಒರೆ ಅದು. ಜೋಡಿಸಲು ಬಳಸುವುದು ಬೆಂದ ಅನ್ನವನ್ನು ಅರೆದು ಮಾಡಿದ ಅಂಟು. ಒರೆ ಬಿಗಿಯಾಗಿ ನಿಲ್ಲುತ್ತದೆ, ಒಳಗೆ ತುಕ್ಕೋ ಕಸವೋ ಸೇರಿತೆಂದರೆ ಮರ ಸೀಳದ ಹಾಗೆ ಬಿಚ್ಚಿ, ತೊಳೆದು, ಮತ್ತೆ ಅನ್ನದಿಂದಲೇ ಅಂಟಿಸಬಹುದು. ಗಟ್ಟಿ ಗೋಂದು ಹಾಕಿದ್ದರೆ ಇದು ಆಗುತ್ತಿರಲಿಲ್ಲ. ಕತ್ತಿಗೆ ಬಳಿಯುವ ತೆಳು ಎಣ್ಣೆಗೆ ಲವಂಗದ ವಾಸನೆ. ಬರಿಯ ಅಲಗಿನ ಮುಂದೆ ಮಾತಾಡಬಾರದು ಎಂಬ ಶಿಸ್ತೂ ಇದೆ: ಎಂಜಲಿನ ಒಂದು ಹನಿ ಸಾಕು, ತುಕ್ಕು ಹಿಡಿಯಲು.

1945: ನಾಶದ ಅಂಚಿನಲ್ಲಿ

ಕತ್ತಿಯ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಒಂದು ಸಲವಲ್ಲ. 1588ರಲ್ಲಿ ತೊಯೊತೊಮಿ ಹಿದೆಯೊಶಿ ರೈತರ ಮನೆಗಳಿಂದ ಕತ್ತಿಗಳನ್ನು ಕಿತ್ತುಕೊಂಡ. 1876ರಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನೇ ನಿಷೇಧಿಸಿತು, ಕಮ್ಮಾರರು ಕುಡುಗೋಲು, ಚಾಕುಗಳಿಗೆ ತಿರುಗಿದರು. ಆದರೆ ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನನ್ನು ಅಮೆರಿಕದ ಸೇನೆ ವಶಕ್ಕೆ ತೆಗೆದುಕೊಂಡಾಗ ಬಂದ ಆಪತ್ತು ಬೇರೆಯೇ. ಎಲ್ಲ ಆಯುಧಗಳನ್ನೂ ಒಪ್ಪಿಸಬೇಕು ಎಂಬ ಆಜ್ಞೆ ಹೊರಟಿತು. ಮನೆಮನೆಯ ಕತ್ತಿಗಳು ಪೊಲೀಸ್ ಠಾಣೆಗಳಲ್ಲಿ ಸೌದೆಯಂತೆ ರಾಶಿಬಿದ್ದವು. ಕರಗಿಸಿದವು ಕೆಲವು, ಸಮುದ್ರಕ್ಕೆ ಎಸೆದವು ಕೆಲವು, ಸೈನಿಕರ ಚೀಲ ಸೇರಿ ಕಡಲು ದಾಟಿದವು ಬಹಳ.

ಎದೊ ಕಾಲವನ್ನು ಆಳಿದ ತೊಕುಗಾವಾ ಮನೆತನದಲ್ಲಿ ಪರಂಪರೆಯಿಂದ ಬಂದಿದ್ದ, 1939ರಲ್ಲಿ ರಾಷ್ಟ್ರೀಯ ನಿಧಿ ಎನಿಸಿಕೊಂಡಿದ್ದ ಹೊಂಜೊ ಮಸಮುನೆ ಎಂಬ ಕತ್ತಿಯನ್ನು ಟೋಕಿಯೊದ ಮೆಜಿರೊ ಪೊಲೀಸ್ ಠಾಣೆಗೆ ಒಪ್ಪಿಸಲಾಯಿತು. ಅಲ್ಲಿಂದ ಆಚೆ ಅದು ಎಲ್ಲಿ ಹೋಯಿತೋ ಇಂದಿನವರೆಗೂ ಸುಳಿವಿಲ್ಲ. ಜಪಾನಿನ ಅತಿ ಪ್ರಸಿದ್ಧ ಕತ್ತಿಗಳಲ್ಲಿ ಒಂದು ಹೀಗೆ ಕಣ್ಮರೆಯಾಯಿತು.

ಉಳಿದವು ಉಳಿದದ್ದು ಕೆಲವರ ಹಟದಿಂದ. ಕತ್ತಿ ವಿದ್ವಾಂಸರಾದ ಹೊಮ್ಮಾ ಜುಂಜಿ, ಸಾತೊ ಕಂಜಾನ್ ಮೊದಲಾದವರು ಅಮೆರಿಕದ ಎಂಟನೆಯ ಸೇನೆಯ ಅಧಿಕಾರಿ ಕರ್ನಲ್ ಕ್ಯಾಡ್ವೆಲ್ ಅವರ ಬಳಿ ಹೋದರು. ಇವೆಲ್ಲ ಬರೀ ಆಯುಧಗಳಲ್ಲ, ಕಲಾಕೃತಿಗಳು ಎಂದು ಅಲಗುಗಳನ್ನೇ ತೋರಿಸಿ ವಿವರಿಸಿದರು. ಕ್ಯಾಡ್ವೆಲ್ ಒಪ್ಪಿದರು. ಕಲಾಮೌಲ್ಯ ಇರುವ ಕತ್ತಿಗಳನ್ನು ಪರೀಕ್ಷಿಸಿ, ನೋಂದಾಯಿಸಿ, ಮಾಲೀಕರಿಗೆ ಬಿಡಬಹುದು ಎಂದಾಯಿತು. ಟೋಕಿಯೊದ ಅಕಬಾನೆಯ ಸೇನಾ ಉಗ್ರಾಣದಲ್ಲಿ ರಾಶಿಬಿದ್ದಿದ್ದ ಕತ್ತಿಗಳಲ್ಲಿ ಪರಿಣತರು ಆರಿಸಿದ ಐದು ಸಾವಿರಕ್ಕೂ ಹೆಚ್ಚು ಅಲಗುಗಳು ಟೋಕಿಯೊ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಬಂದವು. 1948ರಲ್ಲಿ ಇದೇ ವಿದ್ವಾಂಸರ ಮುಂದಾಳತ್ವದಲ್ಲಿ ಹುಟ್ಟಿದ ಸಂಘವೇ ಇಂದು ರ‍್ಯೋಗೊಕುವಿನ ಮ್ಯೂಸಿಯಮ್ ನಡೆಸುತ್ತಿರುವುದು.

ಹೀಗಾಗಿ ಜಪಾನಿನ ಕಾನೂನಿನ ಕಣ್ಣಿಗೆ ಇಂದು ಈ ಕತ್ತಿ ಕಲಾಕೃತಿ. ಅಲಗು 15 ಸೆಂಟಿಮೀಟರಿಗಿಂತ ಉದ್ದವಿದ್ದರೆ ನೋಂದಣಿ ಚೀಟಿ ಬೇಕು. ಚೀಟಿ ಸೇರಿರುವುದು ಕತ್ತಿಗೆ, ಮಾಲೀಕ ಬದಲಾದರೂ ಅದು ಕತ್ತಿಯ ಜತೆಗೇ ಹೋಗುತ್ತದೆ. ಯುದ್ಧಕಾಲದಲ್ಲಿ ಯಂತ್ರದಿಂದ ಅಚ್ಚುಹಾಕಿದಂತೆ ಮಾಡಿದ ಸೈನ್ಯದ ಕತ್ತಿಗಳಿಗೆ ನೋಂದಣಿಯಿಲ್ಲ.

ನೆತ್ತರಿನ ಲೆಕ್ಕ

ಕಲೆ ಎಂಬ ಮಾತು ಕತ್ತಿಗಳನ್ನು ಉಳಿಸಿತು. ಅದೇ ಮಾತು ಒಂದು ಸಂಗತಿಯನ್ನು ಹಿಂದಕ್ಕೂ ಸರಿಸಿತು. ಬುಡದ ಬರಹಗಳನ್ನು ಓದುತ್ತ ಹೋದರೆ ಕೆಲವದರ ಮೇಲೆ ಚಿನ್ನದ ಅಕ್ಷರಗಳು ಸಿಗುತ್ತವೆ. ಈ ಕತ್ತಿ ಒಂದೇ ಏಟಿಗೆ ಎರಡು ದೇಹ ಕತ್ತರಿಸಿತು, ಮೂರು ಕತ್ತರಿಸಿತು ಎಂಬ ಪರೀಕ್ಷೆಯ ಫಲಿತಾಂಶ ಅದು. ಎದೊ ಕಾಲದಲ್ಲಿ ಮರಣದಂಡನೆಯಾದವರ ಶವಗಳ ಮೇಲೆ ಕತ್ತಿ ಪರೀಕ್ಷಿಸುವುದೇ ಯಮಾದಾ ಅಸಎಮೊನ್ ಎಂಬ ಮನೆತನದ ಕಸುಬಾಗಿತ್ತು. 1930–40ರ ದಶಕಗಳಲ್ಲಿ ಚೀನಾ ಮತ್ತು ಆಗ್ನೇಯ ಏಷ್ಯಾದಲ್ಲಿ ಸೆರೆಯಾಳುಗಳ ಮೇಲೆ ಜಪಾನಿ ಅಧಿಕಾರಿಗಳ ಕತ್ತಿ ಏನು ಮಾಡಿತು ಎಂಬುದು ಆ ದೇಶಗಳ ನೆನಪಿನಲ್ಲಿ ಇನ್ನೂ ಹಸಿ. ಗಾಜಿನ ಪಕ್ಕದ ಚೀಟಿಗಳು ನೆರಿಗೆ, ಅಲೆಗಳ ಬಗ್ಗೆ ಹೇಳುವಷ್ಟನ್ನು ಇದರ ಬಗ್ಗೆ ಹೇಳುವುದಿಲ್ಲ. ಹೇಳಬೇಕು. ಅಲಗಿನ ಚೆಲುವನ್ನು ಅಷ್ಟು ಸೂಕ್ಷ್ಮವಾಗಿ ನೋಡಬಲ್ಲ ಕಣ್ಣಿಗೆ ಈ ಸತ್ಯ ನೋಡುವ ಶಕ್ತಿಯೂ ಇದೆ.

ಹೊಸ ನೋಡುಗರು

ಹತ್ತು ಹದಿನೈದು ವರ್ಷಗಳ ಹಿಂದೆ ಈ ಹಜಾರಗಳಲ್ಲಿ ಕಾಣುತ್ತಿದ್ದವರು ಬಹುಪಾಲು ವಯಸ್ಸಾದ ಗಂಡಸರು. 2015ರ ಜನವರಿಯಲ್ಲಿ ತೋಕೆನ್ ರಾನ್ಬು ಎಂಬ ಆನ್‌ಲೈನ್ ಆಟ ಬಂತು. ಅದರಲ್ಲಿ ಹೆಸರಾಂತ ಕತ್ತಿಗಳೆಲ್ಲ ಚೆಲುವ ಯುವಕರ ರೂಪದಲ್ಲಿ ಬರುತ್ತವೆ. ಆಟ ಆಡಿದ ಯುವತಿಯರು ನಿಜವಾದ ಕತ್ತಿ ನೋಡಲು ಊರೂರು ಅಲೆಯತೊಡಗಿದರು. 2017ರಲ್ಲಿ ಅಶಿಕಾಗಾ ಎಂಬ ಸಣ್ಣ ನಗರ ಯಮಾನ್‌ಬಗಿರಿ ಕುನಿಹಿರೊ ಎಂಬ ಕತ್ತಿಯನ್ನು ಪ್ರದರ್ಶಿಸಿದಾಗ ಊರಿನ ಅಂಗಡಿ, ಹೋಟೆಲುಗಳೂ ತುಂಬಿಹೋದವು. ಯುದ್ಧದ ನಂತರ ಕಳೆದುಹೋದ, ಆಸೊ ದೇಗುಲಕ್ಕೆ ಸೇರಿದ್ದ ಹೊತಾರುಮಾರು ಎಂಬ ಕತ್ತಿಯನ್ನು ಹೊಸದಾಗಿ ಮಾಡಿಸಲು ಜನರಿಂದ ಹಣ ಕೇಳಿದಾಗ ನಿರೀಕ್ಷೆಯ ಹಲವು ಪಟ್ಟು ಕೂಡಿತು. ಒಕಯಾಮಾ ಪ್ರಾಂತದ ಸೆತೊಉಚಿ ನಗರ 2020ರಲ್ಲಿ 50 ಕೋಟಿ ಯೆನ್ ಕೊಟ್ಟು ಯಮತೊರಿಗೆ ಎಂಬ ರಾಷ್ಟ್ರೀಯ ನಿಧಿಯನ್ನು ಕೊಂಡಿತು. ಅದಕ್ಕೂ ದೇಶದ ಮೂಲೆಮೂಲೆಯಿಂದ ದೇಣಿಗೆ ಬಂತು. ಆಟದಿಂದ ಬಂದವರು ಎಂದು ಹಿರಿಯ ರಸಿಕರು ಮೊದಲು ಮೂಗು ಮುರಿದಿರಬಹುದು. ಕುಕ್ಕರಗಾಲಲ್ಲಿ ಕೂತು ಹಮೊನ್ ಹುಡುಕುವುದರಲ್ಲಿ ಈ ಹುಡುಗಿಯರು ಇಂದು ಯಾರಿಗೂ ಕಡಿಮೆಯಿಲ್ಲ.

ಕಷ್ಟವಿರುವುದು ಕುಲುಮೆಯ ಕಡೆ. ಕತ್ತಿ ಕಮ್ಮಾರನಾಗಲು ಪರವಾನಗಿ ಪಡೆದ ಗುರುವಿನ ಬಳಿ ಕನಿಷ್ಠ ಐದು ವರ್ಷ ಕಲಿಯಬೇಕು, ಆಮೇಲೆ ಸಾಂಸ್ಕೃತಿಕ ಇಲಾಖೆಯ ತರಬೇತಿಯಲ್ಲಿ ಗೆಲ್ಲಬೇಕು. ಆ ಐದು ವರ್ಷ ಸಾಮಾನ್ಯವಾಗಿ ಸಂಬಳವಿಲ್ಲ. ಗುಣಮಟ್ಟ ಕೆಡಬಾರದೆಂದು ಒಬ್ಬ ಕಮ್ಮಾರ ತಿಂಗಳಿಗೆ ಉದ್ದ ಕತ್ತಿ ಎರಡಕ್ಕಿಂತ ಹೆಚ್ಚು ಮಾಡುವಂತಿಲ್ಲ. ಕೊಳ್ಳುವವರು ಹಳೆಯ ಕತ್ತಿಗಳನ್ನೇ ಬಯಸುವುದರಿಂದ ಹೊಸ ಕಮ್ಮಾರನ ಸಂಸಾರ ಸುಲಭವಲ್ಲ, ಅವರ ಸಂಖ್ಯೆ ಇಳಿಯುತ್ತಲೇ ಇದೆ. 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ಇಸೆ ದೇಗುಲಕ್ಕೆ ದೇವರ ಕತ್ತಿಗಳೂ ಹೊಸದಾಗಬೇಕು. ಅಂಥ ಕೆಲಸ ಸಿಕ್ಕ ಕಮ್ಮಾರನಿಗೆ ಅದು ಹೊಟ್ಟೆಪಾಡಿಗಿಂತ ದೊಡ್ಡ ಮರ್ಯಾದೆ. ಮ್ಯೂಸಿಯಮ್ಮಿನ ಸಂಘ ಪ್ರತಿವರ್ಷ ಹೊಸ ಕತ್ತಿಗಳ ಸ್ಪರ್ಧೆ ನಡೆಸಿ, ಗೆದ್ದವುಗಳನ್ನು ರ‍್ಯೋಗೊಕುವಿನಲ್ಲೇ ಪ್ರದರ್ಶಿಸುತ್ತದೆ. ಒಂದೇ ಭೇಟಿಗೆ ಸಮಯವಿರುವ ಕನ್ನಡಿಗರಿಗೆ ನನ್ನ ಸಲಹೆ ಆ ಪ್ರದರ್ಶನದ ದಿನಗಳನ್ನು ಹಿಡಿಯಿರಿ ಎಂಬುದು. ಇನ್ನೂ ಒಂದು ದಿನ ಕೈಯಲ್ಲಿದ್ದರೆ ಸೆತೊಉಚಿಯ ಒಸಾಫುನೆಗೆ ಹೋಗಿ. ಶತಮಾನಗಳ ಕಾಲ ಜಪಾನಿನಲ್ಲೇ ಅತಿ ಹೆಚ್ಚು ಕತ್ತಿಗಳು ಹುಟ್ಟಿದ ಆ ಊರಿನ ಮ್ಯೂಸಿಯಮ್ಮಿನ ಆವರಣದಲ್ಲೇ ಕಮ್ಮಾರರ, ಸಾಣೆಯವರ, ಒರೆ ಕೆತ್ತುವವರ ಕೆಲಸದ ಕೋಣೆಗಳಿವೆ. ಕುಲುಮೆ ಉರಿಯುವ ದಿನವನ್ನು ಮೊದಲೇ ಕೇಳಿಕೊಂಡು ಹೋದರೆ ಸಮ್ಮಟಿಗೆಯ ಏಟಿಗೆ ಕಿಟ್ಟ ಕಿಡಿಯಾಗಿ ಸಿಡಿಯುವುದನ್ನು ಎದುರಿಗೇ ನಿಂತು ನೋಡಬಹುದು.